ಪುಟ್ಟಲಕ್ಕಮ್ಮನ ಒಂದೇ ಟೇಕು

ಮೊನ್ನೆ ಹೊಳೆನರಸೀಪುರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಕೂತಿದ್ದೆ. ಅರಕಲಗೂಡಿನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಗೋಡೆಯ ಮೇಲಿನ ಟೀವಿಯಲ್ಲಿ ಯಾವುದೋ ಸಿನಿಮಾ ಓಡುತ್ತಿತ್ತು. ಎರಡನೇ ಶಾಟಿಗೇ ಗುರುತು ಸಿಕ್ಕಿತು, ಅದು ನಾನು ಕೆಲಸ ಮಾಡಿದ ಸಿನಿಮಾ. ಹಾಡಿನ ದೃಶ್ಯ. ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿಕೊಂಡು, ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಆಲೂಗೆಡ್ಡೆ ನೆಡುತ್ತಿದ್ದಾರೆ. ನಡುವೆ ನಾಯಕಿ.

ಪಕ್ಕದ ಮೇಜಿನಲ್ಲಿ ಗೊಬ್ಬರದ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಇಬ್ಬರು ಕಾಫಿ ಕುಡಿಯುತ್ತಿದ್ದರು.

"ನೋಡ್ಲಾ, ಇಂದಕ್ಕೆ ನಡ್ಕಂಡು ಆಲೂಗೆಡ್ಡೆ ನೆಡ್ತಾವ್ರೆ" ಅಂದ ಒಬ್ಬ.

"ಗದ್ದೆ ನಾಟಿ ಅಂದ್ಕಂಡವ್ರೆ ಬುಡು. ಒರಿಜಿನಲ್ಲು ನಾನು ಫೋನಲ್ಲಿ ನೋಡಿವ್ನಿ ಕಣ. ಅದ್ರಲ್ಲಿ ಬತ್ತದ ಗದ್ದೆ. ಅಲ್ಲಿ ಇಂದಕ್ಕೆ ನಡುದ್ರೆ ಸರಿ. ಇವ್ರು ಬೆಳೆ ಬದ್ಲಾಯ್ಸವ್ರೆ, ನಡ್ಗೆ ಬದ್ಲಾಯ್ಸಿಲ್ಲ."

ನಾನು ತಟ್ಟೆಯ ಕಡೆಗೆ ಮುಖ ಮಾಡಿಕೊಂಡೆ. ಅಷ್ಟು ಹೊತ್ತಿಗೆ ಹಾಡು ಮುಗಿದು ಆ ದೃಶ್ಯ ಬಂತು. ಗಂಡನ ಮನೆ ಬಿಟ್ಟು ಮಗಳು ತವರಿನ ಬಾಗಿಲಿಗೆ ಬರುತ್ತಾಳೆ. ತಾಯಿ ಹೊರಗೆ ಬಂದು ಕೆನ್ನೆಗೆ ಒಂದು ಬಾರಿಸುತ್ತಾಳೆ. ಆಮೇಲೆ ಅಳುತ್ತಾ ಮಗಳ ಮಡಿಲಿಗೆ ಅಕ್ಕಿ, ಕಾಯಿ, ಬಳೆ, ರವಿಕೆ ಕಣ ತುಂಬಿ, ಬಂದ ದಾರಿಯಲ್ಲೇ ವಾಪಸ್ಸು ಕಳಿಸುತ್ತಾಳೆ.

"ಈ ಸೀನ್ ಮಾತ್ರ ಸೇಮ್ ಟು ಸೇಮ್" ಅಂದ ಒರಿಜಿನಲ್ ನೋಡಿದವನು. "ಮಡ್ಲಕ್ಕಿ ಒಂದ ಸೇರಿಸ್ಕಂಡವ್ರೆ. ಅದು ನಮ್ ಕಡೇದು. ಚೆನ್ನಾಗೈತೆ."

ಕೈಯಲ್ಲಿದ್ದ ಇಡ್ಲಿ ಚೂರನ್ನು ತಟ್ಟೆಗೇ ಹಾಕಿದೆ. ಆ ಸಿನಿಮಾದಲ್ಲಿ ಮೂಲದಲ್ಲಿ ಇಲ್ಲದ್ದು ಅಂತ ಇರುವುದು ಅದೊಂದೇ, ಮತ್ತು ಅದನ್ನು ಸೇರಿಸಿದವಳು ನಾನು.

ಆಗ ನನಗೆ ಇಪ್ಪತ್ತಾರು. ಅರಕಲಗೂಡಿನಿಂದ ಬೆಂಗಳೂರಿಗೆ ಹೋಗಿ ನಾಲ್ಕು ವರ್ಷ ಧಾರಾವಾಹಿಗಳಲ್ಲಿ ಕ್ಲ್ಯಾಪ್ ಹೊಡೆದು, ಕಲಾವಿದರಿಗೆ ಡೈಲಾಗ್ ಹೇಳಿಕೊಟ್ಟು, ಕಡೆಗೂ ಒಂದು ಸಿನಿಮಾದಲ್ಲಿ ಮೂರನೇ ಸಹಾಯಕ ನಿರ್ದೇಶಕಿ ಅಂತ ಸೇರಿಕೊಂಡಿದ್ದೆ. ಪಕ್ಕದ ರಾಜ್ಯದಲ್ಲಿ ಭರ್ಜರಿಯಾಗಿ ಓಡಿದ ಸಿನಿಮಾದ ರೀಮೇಕು. ಕಥೆ ನಡೆಯುವ ಊರು ಹಾಸನದ ಸುತ್ತಮುತ್ತ ಅಂತ ಬದಲಾಯಿಸಿದ್ದರು, ಅದಕ್ಕೇ ಈ ಕಡೆಯ ಹುಡುಗಿ ಬೇಕಾಗಿತ್ತು. ಮೇ ತಿಂಗಳ ಕೊನೆಗೆ ಯೂನಿಟ್ಟು ಹಾಸನಕ್ಕೆ ಬಂದು ಲಾಡ್ಜಿನಲ್ಲಿ ಇಳಿಯಿತು. ಬಿತ್ತನೆಯ ಕಾಲ. ಬೆಳಿಗ್ಗೆ ಬಿಸಿಲು, ಮೂರು ಗಂಟೆಗೆ ಮೋಡ, ನಾಲ್ಕಕ್ಕೆ ಮಳೆ. ಇರುವ ಬೆಳಕಿನಲ್ಲೇ ಎಲ್ಲ ಮುಗಿಸಬೇಕು.

ನನ್ನ ಕೆಲಸದ ಹೆಸರು 'ಮ್ಯಾಚಿಂಗ್'. ಕೈಯಲ್ಲಿ ಒಂದು ಟ್ಯಾಬ್, ಅದರಲ್ಲಿ ಮೂಲ ಸಿನಿಮಾ. ಪ್ರತಿ ಶಾಟಿಗೂ ಮೊದಲು ಮೂಲದ ಶಾಟನ್ನು ಓಡಿಸಿ ನಿಲ್ಲಿಸಬೇಕು. ಕ್ಯಾಮೆರಾ ಎಷ್ಟು ಎತ್ತರ, ನಾಯಕಿಯ ಜಡೆ ಯಾವ ಭುಜದ ಮೇಲೆ, ಎಷ್ಟನೇ ಹೆಜ್ಜೆಗೆ ತಿರುಗುತ್ತಾಳೆ, ಎಲ್ಲ ನೋಡಿ ಹೇಳಬೇಕು. ಟೇಕ್ ಆದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು "ಮ್ಯಾಚ್ ಇದೆ ಸರ್" ಅನ್ನಬೇಕು. ಯೂನಿಟ್ಟಿನಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಟ್ಯಾಬ್ ಎಲ್ಲಿ? ಟ್ಯಾಬ್ ಊಟ ಆಯ್ತಾ?" ಇಷ್ಟೇ.

ನಮ್ಮ ಡೈರೆಕ್ಟರ್ ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ವಂತ ಕಥೆ ಬರೆದು ಎರಡು ಸಿನಿಮಾ ಮಾಡಿದ್ದರು, ಎರಡೂ ಮಕಾಡೆ ಮಲಗಿದ್ದವು. ಈ ಸಲವೂ ಹಾಗೇ ಆದರೆ ಇನ್ನು ಯಾರೂ ಕರೆಯುವುದಿಲ್ಲ ಅಂತ ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. "ಉತ್ತರ ಪತ್ರಿಕೆ ಕೈಗೆ ಕೊಟ್ಟವ್ರೆ ಕಣಮ್ಮ. ನೋಡಿಕೊಂಡು ಬರೆಯೋಕೂ ಬರಲಿಲ್ಲ ಅಂದ್ರೆ ಜನ ನಗ್ತಾರೆ" ಅಂತ ನನಗೆ ಹೇಳುತ್ತಿದ್ದರು. ಮೂಲದಲ್ಲಿ ಸಮುದ್ರದ ದಂಡೆಯ ದೀಪಸ್ತಂಭದ ಹತ್ತಿರ ನಾಯಕ ನಾಯಕಿ ಸೇರುತ್ತಾರೆ. ನಮ್ಮಲ್ಲಿ ಸಮುದ್ರ ಎಲ್ಲಿಂದ ತರುವುದು? ಶೆಟ್ಟಿಹಳ್ಳಿಯ ಪಾಳು ಚರ್ಚಿನ ಮುಂದೆ ನಿಲ್ಲಿಸಿದರು. ಅಲ್ಲಿಯವರೆಗೆ ಪರವಾಗಿಲ್ಲ. ಭತ್ತದ ನಾಟಿಯ ಹಾಡನ್ನು ಆಲೂಗೆಡ್ಡೆ ಹೊಲಕ್ಕೆ ತಂದಾಗ ಎಡವಟ್ಟಾಯಿತು. ಕಲಾ ವಿಭಾಗದವರು ಬೆಂಗಳೂರಿನ ಮಾರುಕಟ್ಟೆಯಿಂದ ತೊಳೆದು ಹೊಳೆಯುವ ಆಲೂಗೆಡ್ಡೆ ಮೂಟೆ ತಂದು ಸುರಿದಿದ್ದರು.

ಅವತ್ತೇ ಪುಟ್ಟಲಕ್ಕಮ್ಮನನ್ನು ನಾನು ಮೊದಲು ನೋಡಿದ್ದು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಶೆಟ್ಟಿಹಳ್ಳಿಗೆ ಹತ್ತಿರದ ಹಳ್ಳಿಯವಳು, ಬಿತ್ತನೆ ಗಡ್ಡೆ ಕೊಯ್ಯುವ ಒಂಬತ್ತು ಹೆಂಗಸರ ಗುಂಪಿಗೆ ಯಜಮಾನಿ. ಒಂದೊಂದು ಹೋಳಿಗೂ ಮೊಳಕೆಯ ಕಣ್ಣು ಉಳಿಯುವ ಹಾಗೆ ಗಡ್ಡೆ ಹೆಚ್ಚಬೇಕು, ಅದೇ ಅವರ ಕಸುಬು. ಗುಂಪಿಗೆ ಗುಂಪನ್ನೇ ಹಾಡಿನ ದೃಶ್ಯಕ್ಕೆ ಕರೆಸಿದ್ದೆವು. ಆಕೆ ಒಂದು ಆಲೂಗೆಡ್ಡೆ ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಇವು ಸಾರಿಗೆ ಸರಿ ಸಾ, ಬಿತ್ತಕ್ಕಲ್ಲ" ಅಂದಳು. ಹಿಂದಕ್ಕೆ ನಡೆಯಿರಿ ಅಂದಾಗ ಹೆಂಗಸರೆಲ್ಲ ನಿಂತುಬಿಟ್ಟರು. ಆಲೂಗೆಡ್ಡೆಯನ್ನು ನೇಗಿಲ ಸಾಲಿನ ಹಿಂದೆ ಮುಂದಕ್ಕೆ ನಡೆಯುತ್ತಾ ಬಿಡುತ್ತಾರೆ ಅಂತ ನಾನು ಹೇಳಿದೆ. ಡೈರೆಕ್ಟರ್ ಟ್ಯಾಬ್ ತೋರಿಸಿದರು. ಅದರಲ್ಲಿ ಹಿಂದಕ್ಕೇ ಇತ್ತು. ಹೆಂಗಸರು ಹಿಂದಕ್ಕೇ ನಡೆದರು.

ಆದರೆ ನಾನು ಸೋತು ಸುಮ್ಮನಾಗುವವಳಲ್ಲ. ಈ ಸಿನಿಮಾದಲ್ಲಿ ಒಂದಾದರೂ ನಮ್ಮದು ಅನ್ನುವುದನ್ನು ಇಡಿಸಿಯೇ ತೀರುತ್ತೇನೆ ಅಂತ ಹಟ ಹಿಡಿದೆ. ಸ್ಕ್ರಿಪ್ಟು ಹಿಡಿದು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ತವರಿನ ಬಾಗಿಲ ದೃಶ್ಯ. ಮೂಲದಲ್ಲಿ ತಾಯಿ ಹೊಡೆಯುತ್ತಾಳೆ, ಬಾಗಿಲು ಹಾಕಿಕೊಳ್ಳುತ್ತಾಳೆ. ಮಗಳು ಗಂಡನ ಮನೆಗೆ ವಾಪಸ್ಸು ಹೋಗುತ್ತಾಳೆ, ದ್ವಿತೀಯಾರ್ಧದಲ್ಲಿ ಗಂಡ ಬದಲಾಗುತ್ತಾನೆ. ಆ ಏಟಿಗೇ ಅಲ್ಲಿ ಜನ ಚಪ್ಪಾಳೆ ಹೊಡೆದಿದ್ದರಂತೆ. ನಾನು ಹೋಗಿ ಹೇಳಿದೆ: "ಸರ್, ನಮ್ಮ ಕಡೆ ಮಗಳನ್ನು ಬರಿ ಮಡಿಲಲ್ಲಿ ಕಳಿಸಲ್ಲ. ಎಷ್ಟೇ ಕೋಪ ಇರಲಿ, ಮಡಿಲಕ್ಕಿ ಹಾಕೇ ಕಳಿಸ್ತಾರೆ. ಹೊಡೆದ ಕೈಯಲ್ಲೇ ಮಡಿಲು ತುಂಬಲಿ."

ಡೈರೆಕ್ಟರ್ ಎದ್ದು ನಿಂತರು. "ಇದು ನೋಡು ನೇಟಿವಿಟಿ ಅಂದ್ರೆ" ಅಂತ ಎಲ್ಲರ ಮುಂದೆ ಅಂದು, ಟೈಟಲ್ಲಿನಲ್ಲಿ ನನ್ನ ಹೆಸರು ಬೇರೆಯಾಗಿ ಹಾಕಿಸುತ್ತೇನೆ ಅಂದರು. ಅವತ್ತು ನನ್ನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದೆ.

ತಾಯಿಯ ಪಾತ್ರದ ಕಲಾವಿದೆ ಹಾಸನಕ್ಕೆ ಬಂದ ಎರಡನೇ ದಿನವೇ ಒದ್ದೆ ಕಟ್ಟೆಯ ಮೇಲೆ ಜಾರಿ ಪಾದ ಉಳುಕಿಸಿಕೊಂಡರು. ಇನ್ನು ಮೂರು ವಾರ ನಿಲ್ಲುವ ಹಾಗಿಲ್ಲ ಅಂದರು ಡಾಕ್ಟರು. ನಾಯಕಿಯ ಡೇಟು ಮುಗಿಯುತ್ತಾ ಬಂದಿತ್ತು. ಕ್ಯಾಮೆರಾದವರು, "ಆ ಆಲೂಗೆಡ್ಡೆ ಯಜಮಾನಿ ಮುಖ ಚೆನ್ನಾಗಿ ಕೂರುತ್ತೆ. ತಾಯಿಗಿರೋದು ಒಂದೇ ದೊಡ್ಡ ಸೀನು, ಆಕೆಯನ್ನೇ ಹಾಕಿ" ಅಂದರು. ಬಾಗಿಲ ದೃಶ್ಯಕ್ಕೆ ನಾವು ಗೊತ್ತು ಮಾಡಿದ್ದೂ ಆಕೆಯ ಮನೆಯೇ. ಹೆಂಚಿನ ಮನೆ, ಮುಂದೆ ಉದ್ದದ ಜಗಲಿ, ಪಕ್ಕದ ಬಾಗಿಲಲ್ಲಿ ಮೈದುನನ ಸಂಸಾರ.

ಕೇಳಲು ನಾನೇ ಹೋದೆ. "ಏನು ಮಾಡ್ಬೇಕವ್ವ?" ಅಂದಳು.

"ಮಗಳು ತವರಿಗೆ ಬರ್ತಾಳೆ. ನೀವು ಬಾಗಿಲಿಗೆ ಬರ್ಬೇಕು. ಮಾತು ಜಾಸ್ತಿ ಇಲ್ಲ."

"ಇದು ಚನ್ನರಾಯಪಟ್ಟಣದ ಟಾಕೀಸಿಗೂ ಬತ್ತದಾ?" ಅಂತ ಕೇಳಿದಳು. ಬರುತ್ತೆ ಅಂದೆ. "ಅಂಗಾರೆ ಮಾಡ್ತೀನಿ."

ಏಟಿನ ವಿಷಯ ನಾನು ಹೇಳಲಿಲ್ಲ. ಹೇಳಿದರೆ ಹಿಂಜರಿದಾಳು ಅಂತ ಬೇಕೆಂದೇ ನುಂಗಿಕೊಂಡೆ. ಅವತ್ತಿನ ಆ ಜಾಣತನಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ದೃಶ್ಯದ ದಿನ ಮಧ್ಯಾಹ್ನ ಎರಡಕ್ಕೆಲ್ಲ ಲೈಟು, ಕ್ಯಾಮೆರಾದ ಹಳಿ, ಛತ್ರಿ ಎಲ್ಲ ಸಿದ್ಧವಾದವು. ಪುಟ್ಟಲಕ್ಕಮ್ಮ ತನ್ನದೇ ನೀಲಿ ಸೀರೆ ಉಟ್ಟು ಜಗಲಿಯ ಮೇಲೆ ಕೂತಿದ್ದಳು. ಡೈರೆಕ್ಟರ್ ಪಕ್ಕದಲ್ಲಿ ಕೂತು ಸಮಾಧಾನವಾಗಿ ವಿವರಿಸಿ, ಟ್ಯಾಬಿನಲ್ಲಿ ಮೂಲದ ದೃಶ್ಯ ತೋರಿಸಿದರು. ಆ ಭಾಷೆ ಆಕೆಗೆ ಬರುವುದಿಲ್ಲ. ಏಟು ಬಿದ್ದಾಗ ಮಾತ್ರ ಆಕೆಯ ಕತ್ತು ಸ್ವಲ್ಪ ಹಿಂದಕ್ಕೆ ಹೋಯಿತು.

"ಇನ್ನೊಂದ್ಸಲ ಆಕಿ" ಅಂದಳು. ಹಾಕಿದೆ.

"ಆಮೇಕೆ ಏನು?"

ನಾನು ಹುರುಪಿನಿಂದ ಒಳಗಿನಿಂದ ಮೊರ ತಂದು ತೋರಿಸಿದೆ. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಬಳೆ, ರವಿಕೆ ಕಣ, ಎಲ್ಲ ನಾನೇ ಜೋಡಿಸಿದ್ದು. "ಹೊಡೆದ ಮೇಲೆ ಮಡಿಲು ತುಂಬಿ ಕಳಿಸ್ತೀರಿ ಅಮ್ಮ."

"ಆ ಸಿನಿಮಾದಲ್ಲಿ ಇದು ಇಲ್ವಲ್ಲ. ಯಾರು ಏಳ್ಕೊಟ್ಟೋರು?"

"ನಾನೇ."

ಆಕೆ ನನ್ನ ಮುಖವನ್ನು ನೋಡಿದಳು. ಬೈಯಲಿಲ್ಲ. ಎದ್ದು ಮನೆಯೊಳಗೆ ಹಾದು ಹಿತ್ತಿಲಿಗೆ ಹೋದಳು. ಐದು ನಿಮಿಷವಾದರೂ ಬರಲಿಲ್ಲ. "ಹೋಗಿ ಕರ್ಕೊಂಡು ಬಾ, ಬೆಳಕು ಹೋಗುತ್ತೆ" ಅಂದರು ಡೈರೆಕ್ಟರ್. ಹೋದೆ. ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

"ನನಗೆ ಒಬ್ಳು ಮಗ್ಳವ್ಳೆ, ರತ್ನ ಅಂತ. ಬಾಗೂರಿಗೆ ಕೊಟ್ಟಿದ್ದೆ" ಅಂತ ತಾನೇ ಶುರು ಮಾಡಿದಳು. "ಐದು ವರ್ಸದ ಇಂದೆ ಒಂದಿನ ಬೆಳಗಾಗೆದ್ದು ಬಂದ್ಬುಟ್ಳು. ಇದೇ ಬಾಗ್ಲು. ಕೆನ್ನೆ ಊದ್ಕಂಡಿತ್ತು. ಗಂಡ ಒಡ್ದಿದ್ದ. ಜಗಲಿ ತುಂಬ ಜನ ಇದ್ರು, ಗಡ್ಡೆ ಕುಯ್ಯೋ ದಿನ. ನಾಕ್ ಜನ ಏನಂದಾರು ಅಂತ ಒಂದೇ ತಲೇಲಿ. ಆ ಊದಿದ ಕೆನ್ನೆ ಮ್ಯಾಲೇ ಒಡ್ದೆ ಕಣವ್ವ. ಆಮೇಕೆ ಮಡ್ಲು ತುಂಬ್ದೆ. ಅಕ್ಕಿ, ಕಾಯಿ, ಬಳೆ, ಒಂದೂ ಬುಡ್ಲಿಲ್ಲ. ಎಲ್ಲಾ ಸರ್ಯಾಗಿ ಮಾಡಿವ್ನಿ ಅಂದ್ಕಂಡೆ. ಅದೇ ಬಸ್ಸಿಗೆ ಅತ್ತಿಸ್ದೆ."

"ಆಮೇಲೆ?"

"ಅವ್ಳು ಬಾಗೂರಿಗೆ ಓಗ್ಲೇ ಇಲ್ಲ. ಚನ್ನರಾಯಪಟ್ಟಣದಲ್ಲಿ ಇಳ್ಕಂಡು ಅಲ್ಲೇ ಬಟ್ಟೆ ಒಲಿಯೋ ಕಡೆ ಸೇರ್ಕಂಡ್ಳು. ಇವತ್ಗೂ ಈ ಕಡೆ ತಲೆ ಆಕಿಲ್ಲ. ನಾನು ಎಲ್ಡು ಸಲ ಓದೆ. ಒಳಗಿದ್ದೂ ಇಲ್ಲ ಅಂತ ಏಳ್ಸಿದ್ಳು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನು ಮಗ್ಳು ತವರಿಗೆ ಬತ್ತಾಳೆ ಅಂದೆ. ನಾನು ಬಾಗ್ಲಿಗೆ ಬಂದು ಒಳಕ್ಕೆ ಕರ್ಕಳಾದು ಅಂದ್ಕಂಡೆ. ಟಾಕೀಸಲ್ಲಿ ಅವ್ಳು ನೋಡ್ತಾಳೆ, ಅವ್ವಂಗೆ ಬುದ್ದಿ ಬಂದೈತೆ ಅಂತ ತಿಳ್ಕತಾಳೆ, ಅದ್ಕೇ ಒಪ್ಕಂಡೆ. ಆವತ್ತು ಮಾಡ್ದಂಗೇ ಈವತ್ತೂ ಮಾಡು ಅಂದ್ರೆ ನಾನು ಮಾಡಾಕಿಲ್ಲ."

ನಾನು ನಮ್ಮತನ ಅಂತ ಹೆಮ್ಮೆಯಿಂದ ಸೇರಿಸಿದ್ದು ಈ ಹೆಂಗಸಿನ ಬದುಕಿನ ಅತಿ ದೊಡ್ಡ ತಪ್ಪನ್ನು. ಅದನ್ನೇ ಮೊರದಲ್ಲಿ ಜೋಡಿಸಿ ತಂದು ಅವಳ ಮುಂದೆ ಹಿಡಿದಿದ್ದೆ.

ಹೊರಗೆ ಬಂದು ಡೈರೆಕ್ಟರಿಗೆ ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿ ಹಣೆ ಉಜ್ಜಿಕೊಂಡರು. "ಪಾಪ ಅನ್ಸುತ್ತೆ. ಆದ್ರೆ ಇದು ಆಕ್ಟಿಂಗು ಅಂತ ಬಿಡಿಸಿ ಹೇಳು. ನಿಮ್ಮ ಕಡೆಯವರು, ನಿನ್ನ ಮಾತು ಕೇಳ್ತಾರೆ."

"ನಾನು ಹೇಳಲ್ಲ ಸರ್."

ಅವರ ಎದುರಿಗೆ ನಾನು ಆಗಲ್ಲ ಅಂದದ್ದು ಅದೇ ಮೊದಲು. ಅವರು ನನ್ನನ್ನು ಬಿಟ್ಟು ಪ್ರೊಡಕ್ಷನ್ ಮ್ಯಾನೇಜರಿಗೆ, "ಆ ಗುಂಪಿನಿಂದ ಬೇರೆ ಯಾರನ್ನಾದರೂ ನಿಲ್ಲಿಸಿ" ಅಂದರು. ಅಷ್ಟರಲ್ಲಿ ಪುಟ್ಟಲಕ್ಕಮ್ಮ ಬಾಗಿಲಿಗೆ ಬಂದಿದ್ದಳು.

"ಬ್ಯಾರೆಯೋರ್ನ ಕರಸ್ಕಳಿ ಸಾ, ನನ್ದೇನೂ ಇಲ್ಲ. ಆದ್ರೆ ಈ ಬಾಗ್ಲಲ್ಲಿ ಬ್ಯಾಡ. ಇಲ್ಲಿ ಒಂದ್ಸಲ ಆಗೈತೆ. ಎಲ್ಡನೇ ಸಲ ಆಗಾಕೆ ನಾನು ಬುಡಾಕಿಲ್ಲ." ಎರಡೂ ಕೈ ಬಾಗಿಲ ಚೌಕಟ್ಟಿಗೆ ಕೊಟ್ಟು ನಿಂತಳು.

ಅರವತ್ತು ಜನರ ಯೂನಿಟ್ಟು ಅಂಗಳದಲ್ಲಿ ಕೈ ಕಟ್ಟಿಕೊಂಡು ನಿಂತಿತ್ತು. ಪಡುವಣದಲ್ಲಿ ಮೋಡ ಏಳುತ್ತಿತ್ತು. ಮ್ಯಾನೇಜರು ಏನೇನೋ ಹೇಳಿ ನೋಡಿದರು. ಆಕೆ ಕದಲಲಿಲ್ಲ. ಕಡೆಗೆ ಡೈರೆಕ್ಟರೇ, "ಸರಿ, ಅವರಿಗೆ ಹೆಂಗೆ ಬೇಕೋ ಹಂಗೆ ಒಂದು ಟೇಕ್ ತೆಗೀರಿ, ಸಮಾಧಾನ ಆಗಲಿ" ಅಂದರು. ನಾಯಕಿಗೆ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ, ನಮಗೇ ಗೊತ್ತಿರಲಿಲ್ಲ. ಆ ಶಾಟಿಗೆ ಮ್ಯಾಚ್ ಮಾಡಲು ಟ್ಯಾಬಿನಲ್ಲಿ ಏನೂ ಇರಲಿಲ್ಲ. ಕೈ ಬರಿದಾದ್ದರಿಂದ ನಾನು ನನ್ನ ಫೋನ್ ತೆಗೆದು, ಮಾನಿಟರಿನ ಮುಂದೆ ಹಿಡಿದು ರೆಕಾರ್ಡ್ ಒತ್ತಿದೆ.

ನಾಯಕಿ ಅಂಗಳಕ್ಕೆ ಬಂದು ನಿಂತಳು. ಏಟಿಗಾಗಿ ಕೆನ್ನೆ ಬಿಗಿ ಹಿಡಿದಿದ್ದಳು ಅಂತ ಈಗಲೂ ಆ ವಿಡಿಯೋದಲ್ಲಿ ಕಾಣುತ್ತದೆ. ಪುಟ್ಟಲಕ್ಕಮ್ಮ ಬಾಗಿಲಿಗೆ ಬಂದು, ನೋಡಿ, ಒಳಗೆ ಹೋದಳು. ಕ್ಯಾಮೆರಾ ಖಾಲಿ ಬಾಗಿಲನ್ನೇ ನೋಡುತ್ತಿತ್ತು. ಚೊಂಬು ತುಂಬ ನೀರು ತಂದು, ಬಗ್ಗಿ, ಹುಡುಗಿಯ ಕಾಲಿಗೆ ತಾನೇ ಸುರಿದಳು. ಹಿಮ್ಮಡಿಯ ಕೆಸರನ್ನು ಅಂಗೈಯಲ್ಲಿ ಉಜ್ಜಿ ತೆಗೆದಳು. ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಬಾಗಿಲಿಗೆ ನೇರ ಕಾಣುವ ಗೋಡೆಗೆ ಒರಗಿಸಿ ಕೂರಿಸಿ, ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಇಟ್ಟಳು. ಆ ಮನೆಯಲ್ಲಿ ಬೆಳಿಗ್ಗೆ ಮಾಡಿದ್ದೇ ಅದು.

"ಉಣ್ಣು. ಆಮೇಕೆ ಮಾತು. ನಿನ್ನ ನಾನು ಎಲ್ಲಿಗೂ ಕಳ್ಸಾಕಿಲ್ಲ."

ನಾಯಕಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ಅರ್ಥವಾಯಿತು ಅಂತ ಕಾಣುತ್ತದೆ. ಮುದ್ದೆ ಮುರಿದು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. ಡೈರೆಕ್ಟರ್ ಕಟ್ ಅನ್ನಲಿಲ್ಲ. ಮಳೆ ಬಂದು ಹೆಂಚಿನ ಮೇಲೆ ಸದ್ದು ಮಾಡಿದ ಮೇಲೆ ಕ್ಯಾಮೆರಾದವರೇ ನಿಲ್ಲಿಸಿದರು.

ಅವತ್ತು ಸಂಜೆ ಲಾಡ್ಜಿನಲ್ಲಿ ಡೈರೆಕ್ಟರ್ ಆ ಟೇಕನ್ನು ಮೂರು ಸಲ ನೋಡಿದರು. "ಚೆನ್ನಾಗಿದೆ. ಮೂಲಕ್ಕಿಂತ ಚೆನ್ನಾಗಿದೆ" ಅಂದರು, ಮತ್ತೆ ತಲೆ ಆಡಿಸಿದರು. "ಆದ್ರೆ ಮಗಳು ತವರಲ್ಲೇ ಉಳಿದರೆ ಸೆಕೆಂಡ್ ಹಾಫ್ ಎಲ್ಲಿದೆ? ಗಂಡ ಯಾರ ಮುಂದೆ ಬದಲಾಗಬೇಕು?"

"ಸೆಕೆಂಡ್ ಹಾಫ್ ಬದಲಾಯಿಸೋಣ ಸರ್."

"ಹಕ್ಕು ತಗೊಂಡಿರೋದು ಆ ಕಥೆಗೆ ಕಣಮ್ಮ. ನಿರ್ಮಾಪಕರು ನನಗೆ ಕಥೆ ಬರಿ ಅಂದಿಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ರೀಮೇಕುಗಳ ಬಗ್ಗೆ ಆಮೇಲೆ ನಾನು ತುಂಬ ಯೋಚಿಸಿದ್ದೇನೆ. ಇನ್ನೊಬ್ಬರ ಕಥೆಯನ್ನು ಮತ್ತೆ ಹೇಳುವುದು ಕೀಳು ಅಂತ ನಾನು ಎಂದೂ ಅನ್ನುವುದಿಲ್ಲ. ಎರಡನೇ ಸಲ ಹೇಳುವವರಿಗೆ ಒಂದು ಅನುಕೂಲವಿದೆ, ಮೊದಲ ಸಲ ಎಲ್ಲಿ ತಪ್ಪಾಯಿತು ಅಂತ ಅವರಿಗೆ ಕಾಣುತ್ತದೆ. ನಾವು ಆ ಅನುಕೂಲವನ್ನೇ ಕೈಬಿಟ್ಟೆವು. ಜಡೆ ಯಾವ ಭುಜದ ಮೇಲಿದೆ ಅಂತ ನೋಡಿದೆವೇ ಹೊರತು, ಈ ತಾಯಿ ಯಾಕೆ ಹೊಡೆಯುತ್ತಾಳೆ, ಹೊಡೆದದ್ದು ಸರಿಯೇ ಅಂತ ಯಾರೂ ಕೇಳಲಿಲ್ಲ. ಕೇಳಿದವಳು ಶಾಲೆಯ ಮೆಟ್ಟಿಲೂ ಸರಿಯಾಗಿ ಹತ್ತದ ಒಬ್ಬ ಹೆಂಗಸು.

ತಿಂಗಳ ನಂತರ ನಾಯಕಿಯಿಂದ ಮತ್ತೆ ಒಂದು ದಿನದ ಡೇಟು ಪಡೆದು ಬೆಂಗಳೂರಿನಲ್ಲಿ ಸೆಟ್ ಹಾಕಿದರು. ಪುಟ್ಟಲಕ್ಕಮ್ಮನ ಬಾಗಿಲನ್ನು ಅಳತೆ ತೆಗೆದು ಪ್ಲೈವುಡ್ಡಿನಲ್ಲಿ ಹಾಗೇ ಕಟ್ಟಿದ್ದರು. ಪಾದ ವಾಸಿಯಾದ ಕಲಾವಿದೆ ಬಂದು ಹೊಡೆದರು, ಮಡಿಲು ತುಂಬಿದರು. ಏಟು ಇರಲಿ, ಆ ಮಡಿಲಕ್ಕಿಯನ್ನಾದರೂ ತೆಗೆಯಿರಿ ಅಂತ ನಾನು ಹಿಂದಿನ ದಿನವೇ ಬೇಡಿಕೊಂಡಿದ್ದೆ. "ನೀನೇ ಕೊಟ್ಟ ಐಡಿಯಾ, ಸಿನಿಮಾದಲ್ಲಿ ಅದೊಂದೇ ನಮ್ಮದು" ಅಂದರು. ಅದು ಮ್ಯಾಚ್ ಆಯಿತೋ ಇಲ್ಲವೋ ನೋಡಲು ನಾನು ನಿಲ್ಲಲಿಲ್ಲ. ಟ್ಯಾಬನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, ಟೈಟಲ್ಲಿನಲ್ಲಿ ನನ್ನ ಹೆಸರು ಬೇಡ ಅಂತ ಬರೆದುಕೊಟ್ಟು ಹೊರಟೆ.

ಪುಟ್ಟಲಕ್ಕಮ್ಮನಿಗೆ ಹೇಳುವ ಕೆಲಸ ಉಳಿದಿತ್ತು. ಫೋನಿನಲ್ಲಿ ಹೇಳುವ ಮಾತಲ್ಲ, ಹೋಗಿಯೇ ಹೇಳಿದೆ. ಆಕೆ ಒಂದೇ ಪ್ರಶ್ನೆ ಕೇಳಿದಳು. "ಅಂಗಾರೆ ಟಾಕೀಸಲ್ಲಿ ನಮ್ ರತ್ನ ನೋಡಾದು ಒಡ್ಯಾದ್ನೇಯಾ?"

"ನಿಮ್ಮದನ್ನು ನಾನು ತೋರಿಸ್ತೀನಿ" ಅಂದೆ. ಅಂದ ಮೇಲೆ ತೋರಿಸಲೇಬೇಕಲ್ಲ.

ಆದರೆ ಬೇರೆ ಕೆಲಸ, ಬೇರೆ ಧಾರಾವಾಹಿ, ದಿನಗಳು ಹೋದವು. ಜನವರಿಯಲ್ಲಿ ಒಂದು ದಿನ ಗೋಡೆಯ ಮೇಲೆ ಪೋಸ್ಟರ್ ಕಂಡೆ. ಶುಕ್ರವಾರ ಬಿಡುಗಡೆ. ಪ್ಲೈವುಡ್ ಬಾಗಿಲಾದರೂ ರತ್ನನಿಗೆ ಅದು ತನ್ನ ಮನೆಯ ಬಾಗಿಲೇ ಅಂತ ಗುರುತು ಸಿಗುತ್ತದೆ, ಅವ್ವನೇ ಮನೆ ಕೊಟ್ಟು, ಹೇಳಿಕೊಟ್ಟು ಮಾಡಿಸಿದ್ದಾಳೆ ಅಂದುಕೊಳ್ಳುತ್ತಾಳೆ. ಅದಕ್ಕೆ ಮೊದಲು ನಾನು ಅವಳನ್ನು ಹಿಡಿಯಬೇಕಿತ್ತು. ಬುಧವಾರ ಬೆಳಗಿನ ಬಸ್ಸಿಗೆ ಚನ್ನರಾಯಪಟ್ಟಣಕ್ಕೆ ಹೋದೆ. ವಿಳಾಸ ಇರಲಿಲ್ಲ. ಹೊಲಿಗೆ ಅಂಗಡಿ, ಬಟ್ಟೆ ಅಂಗಡಿ, ಮತ್ತೆ ಹೊಲಿಗೆ ಅಂಗಡಿ. ಹನ್ನೊಂದನೆಯದೋ ಹನ್ನೆರಡನೆಯದೋ ಅಂಗಡಿಯವರು, ಬಾಗೂರು ರಸ್ತೆಯಲ್ಲಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಒಂದು ಶೆಡ್ಡಿದೆ, ಅಲ್ಲಿ ನೋಡಿ ಅಂದರು.

ಊಟದ ಹೊತ್ತಿಗೆ ಹೊರಗೆ ಬಂದ ರತ್ನ ಅವ್ವನದೇ ಅಚ್ಚು. ಅದೇ ಹಣೆ, ಅದೇ ನಿಲುವು. ನಾನು ಯಾರು, ಯಾಕೆ ಬಂದೆ ಅಂತ ಎಲ್ಲ ಹೇಳಿದೆ, ಏಟಿನ ಸಿನಿಮಾ ಬರುತ್ತಿದೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಫೋನ್ ಕೊಟ್ಟೆ. ಡಬ್ಬಿಯ ಮುಚ್ಚಳ ತೆಗೆಯದೆ ನಿಂತೇ ನೋಡಿದಳು.

"ಯಾರು ಬರ್ಕೊಟ್ಟಿದ್ದು ಇದ್ನ? ನೀವಾ?"

"ಯಾರೂ ಬರೆದಿಲ್ಲ. ಅವರೇ ಮಾಡಿದ್ದು."

"ಸಿನಿಮಾದೋಳ ಕಾಲಿಗೆ ನೀರುಯ್ದ್ರೆ ನನ್ ಕಾಲು ತೊಳ್ದಂಗಾಯ್ತದಾ ಮೇಡಂ?" ಫೋನ್ ವಾಪಸ್ಸು ಕೊಟ್ಟಳು. "ಆವತ್ತು ಮಡ್ಲಿಗೆ ಆಕಿದ್ಲಲ್ಲ ಅಕ್ಕಿ, ಅದ್ನೇ ಬೇಸ್ಕಂಡು ನಾಕು ದಿನ ಉಂಡೆ. ಐದನೇ ದಿನಕ್ಕೆ ಇಲ್ಲಿ ಕೆಲ್ಸ ಸಿಕ್ತು. ಅವ್ವನ ಋಣ ಅಲ್ಲಿಗೆ ಮುಗೀತು ಅಂದ್ಕಂಡಿವ್ನಿ." ಒಳಗೆ ಹೋದಳು. ಹೊಲಿಗೆ ಯಂತ್ರಗಳ ಸದ್ದು ಮತ್ತೆ ಶುರುವಾಯಿತು.

ವಾಪಸ್ಸು ಹೋಗಬಹುದಿತ್ತು. ಹೋಗಲಿಲ್ಲ. ಶೆಡ್ಡಿನ ಎದುರಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತೆ. ಐದೂವರೆಗೆ ಹೆಂಗಸರೆಲ್ಲ ಹೊರಗೆ ಬಂದರು.

"ಇನ್ನೂ ಇದ್ದೀರಾ?" ಅಂದಳು ರತ್ನ.

"ಇದ್ದೀನಿ."

ನನ್ನ ಪಕ್ಕದಲ್ಲಿ ಬಂದು ಕೂತಳು. "ಇನ್ನೊಂದ್ಸಲ ಆಕಿ" ಅಂದಳು. ಈ ಸಲ ಮುಗಿದ ಮೇಲೂ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. "ಬಾನುವಾರ ರಜ. ಬತ್ತೀನಿ. ಆದ್ರೆ ಅವ್ವಂಗೆ ಮುಂಚೆ ಏಳ್ಬಾರ್ದು. ಏಳಿದ್ರೆ ತಯಾರಾಗಿ ನಿಂತಿರ್ತಾಳೆ. ತಯಾರಿಲ್ದೆ ಏನ್ಮಾಡ್ತಾಳೆ, ಅದ ನೋಡ್ಬೇಕು ನಾನು."

ಭಾನುವಾರ ನಾವು ಹಾಸನಕ್ಕೆ ಬಂದು, ಅಲ್ಲಿಂದ ಹಳ್ಳಿಯ ಬಸ್ಸು ಹಿಡಿದೆವು. ಬಿಸಿಲು ಹಿತವಾಗಿತ್ತು. ಊರಿನ ಜಗಲಿಗಳಲ್ಲೆಲ್ಲ ಅವರೆಕಾಯಿಯ ರಾಶಿ. ಪುಟ್ಟಲಕ್ಕಮ್ಮನ ಜಗಲಿಯಲ್ಲೂ ಆಕೆ, ಓರಗಿತ್ತಿ, ಗುಂಪಿನ ಇನ್ನಿಬ್ಬರು ಹೆಂಗಸರು ಕೂತು ಕಾಯಿ ಸುಲಿಯುತ್ತಿದ್ದರು. ಬಂದವರು ಯಾರು ಅಂತ ಮೊದಲು ಓರಗಿತ್ತಿ ತಲೆ ಎತ್ತಿದಳು. ಆಮೇಲೆ ಪುಟ್ಟಲಕ್ಕಮ್ಮ.

ರತ್ನ ಅಂಗಳದ ನಡುವೆ ನಿಂತುಬಿಟ್ಟಳು. ಚೀಲವನ್ನು ಕೆಳಗೆ ಇಡಲೂ ಇಲ್ಲ. ಹೆಂಗಸರ ಕೈಗಳು ಸುಲಿಯುವುದನ್ನು ನಿಲ್ಲಿಸಿದವು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಚೊಂಬಿನ ನೀರಿಗಾಗಿ ಕಾದೆ. ಅವ್ವ ಒಳಗೆ ಹೋಗುತ್ತಾಳೆ, ಮಾನಿಟರಿನಲ್ಲಿ ಕಂಡದ್ದೇ ಮತ್ತೆ ನಡೆಯುತ್ತದೆ ಅಂದುಕೊಂಡಿದ್ದೆ. ಪುಟ್ಟಲಕ್ಕಮ್ಮ ಒಳಗೆ ಹೋಗಲಿಲ್ಲ. ಮಡಿಲಲ್ಲಿದ್ದ ಕಾಯಿಗಳೆಲ್ಲ ಚೆಲ್ಲಿಹೋಗುವ ಹಾಗೆ ಎದ್ದು ಜಗಲಿಯಿಂದ ಇಳಿದು, ಮಗಳ ಎದುರಿಗೆ ಬಂದು ನಿಂತಳು.

"ತಪ್ಪು ನಂದು ರತ್ನ" ಅಂದಳು. "ಒಡ್ದಿದ್ದೂ ತಪ್ಪು, ಕಳ್ಸಿದ್ದೂ ತಪ್ಪು."

ಈ ಮಾತು ಮೂಲ ಸಿನಿಮಾದಲ್ಲಿ ಇರಲಿಲ್ಲ. ನಮ್ಮದರಲ್ಲೂ ಇರಲಿಲ್ಲ. ನನ್ನ ಫೋನಿನಲ್ಲಿದ್ದ ಟೇಕಿನಲ್ಲೂ ಇರಲಿಲ್ಲ. ನಾನಾಗಿದ್ದರೆ ಬರೆಯುತ್ತಲೂ ಇರಲಿಲ್ಲ. ನಮ್ಮ ಕಡೆ ಯಾವ ತಾಯಿಯೂ ಮಗಳಿಗೆ ಹೀಗೆ ಅಂದದ್ದನ್ನು ನಾನು ಕೇಳಿಯೇ ಇಲ್ಲ.

ರತ್ನ ಜಗಲಿಯ ಮೇಲಿದ್ದ ಹೆಂಗಸರ ಕಡೆ ಒಮ್ಮೆ ನೋಡಿ, "ಮೆಲ್ಲಗೆ ಮಾತಾಡವ್ವ. ನಾಕ್ ಜನ ಅವ್ರೆ" ಅಂದಳು.

"ಇರ್ಲಿ. ಆವತ್ತು ಒಡ್ಯಾವಾಗ್ಲೂ ಇವ್ರೇ ಇದ್ರು. ಇವ್ರು ಕೇಳುಸ್ಕಳ್ಲಿ ಅಂತ್ಲೇ ಏಳ್ತಾ ಇರಾದು."

ರತ್ನ ಚೀಲವನ್ನು ಅವ್ವನ ಕೈಗೆ ಕೊಟ್ಟು ಮನೆಯೊಳಗೆ ಹೋದಳು.